ಗುಡ್ಡೆ ಬಿದ್ದ ಹಳೇ ಫೋರ್ಡ್ ಸಾಮಾನಿನಿಂದ ಹಾಟ್ ರಾಡ್ ಕಟ್ಟಬಹುದೇ?

ಪ್ರಶ್ನೆ: ನಾವು ಒಹಾಯೊದ ಡೇಟನ್ ಹತ್ತಿರ ಇದ್ದೇವೆ. ಪಕ್ಕದ ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಶೆಡ್ಡಿನಲ್ಲಿದ್ದ ಹಳೇ ಕಾರಿನ ಸಾಮಾನನ್ನೆಲ್ಲ ಒಟ್ಟಾಗಿ ಕೊಂಡುಕೊಂಡೆ. ಕೆಳಭಾಗ ತುಕ್ಕು ಹಿಡಿದ 1930ರ ಫೋರ್ಡ್ ಮಾಡೆಲ್ ಎ ಕೂಪೆ (ಎರಡು ಬಾಗಿಲಿನ ಕಾರು) ಬಾಡಿ, ಒಂದು ಮಾಡೆಲ್ ಎ ಚಾಸಿ, 1932ರದ್ದು ಎಂದು ಚೀಟಿ ಕಟ್ಟಿದ ಇನ್ನೊಂದು ಚಾಸಿ, ಜಾಮ್ ಆಗಿರುವ 59ಎಬಿ ಮಾದರಿಯ ಫ್ಲ್ಯಾಟ್‌ಹೆಡ್ ವಿ8 (ಎಂಟು ಸಿಲಿಂಡರಿನ ಹಳೇ ಫೋರ್ಡ್ ಎಂಜಿನ್), ಬಿಚ್ಚಿಟ್ಟ 8ಬಿಎ ಎಂಜಿನ್ (ಅದರ ನಂತರದ ಮಾದರಿ), 1939ರ ಗೇರ್‌ಬಾಕ್ಸ್, 1940ರ ಬ್ರೇಕುಗಳು ಮತ್ತು ಹಿಂದಿನ ಆಕ್ಸಲ್, ಎರಡು ಐ-ಬೀಮ್ ಮುಂದಿನ ಆಕ್ಸಲ್ (ಒಂದಕ್ಕೆ ಕ್ರೋಮ್ ಹಾಕಿಸಿದ್ದಾರೆ), ಮೂರು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್, ಜೊತೆಗೆ ಷೆವ್ರೊಲೆ ವಿ8 ಎಂಜಿನ್ನಿನ ಒಂದಷ್ಟು ಬಿಡಿಭಾಗ ಮತ್ತು 1970ರ ಸುಮಾರಿನ ಅಲಾಯ್ ವೀಲುಗಳಿವೆ. ಇವುಗಳಿಂದ ಸಾಂಪ್ರದಾಯಿಕ ಹಾಟ್ ರಾಡ್ (ಹಳೇ ಕಾರನ್ನು ಹಗುರ ಮಾಡಿ, ಬಲವಾದ ಎಂಜಿನ್ ಹಾಕಿ ವೇಗಕ್ಕೆಂದು ಕಟ್ಟಿದ ಕಾರು) ಆಗುತ್ತದೆಯೇ? ಎಂಜಿನ್ನಿನಿಂದ ಶುರು ಮಾಡಲೇ? ಮುಂದೊಂದು ದಿನ ಬೆಂಗಳೂರಿಗೆ ತೆಗೆದುಕೊಂಡು ಹೋಗಬಹುದೇ?

ಉತ್ತರ: ಆಗುತ್ತದೆ. ಆದರೆ ನೀವು ಬರೆದ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಕಾರುಗಳ ಸಾಮಾನಿದೆ. ಶೆಡ್ಡಿನಲ್ಲಿ ಇರುವುದನ್ನೆಲ್ಲ ಒಂದೇ ಕಾರಿಗೆ ಹಾಕಲು ಹೋದವರ ಕಾರು ಶೆಡ್ಡಿನಿಂದ ಆಚೆ ಬರುವುದಿಲ್ಲ, ಬಂದರೂ ನೋಡುವ ಹಾಗಿರುವುದಿಲ್ಲ. ಹಾಗಾಗಿ ಪಾನಾ ಹಿಡಿಯುವ ಮೊದಲು ಒಂದು ಇಸವಿ ಗೊತ್ತು ಮಾಡಿಕೊಳ್ಳಿ. ಆ ಇಸವಿಯಲ್ಲಿ, ಅಷ್ಟೇನೂ ದುಡ್ಡಿಲ್ಲದ ಆದರೆ ಕೈಕೆಲಸ ಬಲ್ಲ ಒಬ್ಬ ಹುಡುಗ ಗುಜರಿಯಿಂದ ತಂದು ಹಾಕಬಹುದಾಗಿದ್ದ ಸಾಮಾನು ಮಾತ್ರ ನಿಮ್ಮ ಕಾರಿಗೆ ಸೇರಲಿ. ಉಳಿದದ್ದನ್ನು ಮಾರಿ. ಮಾರಿದ ದುಡ್ಡು ಹೇಗೂ ಬೇಕಾಗುತ್ತದೆ.

ನಿಮ್ಮ ಸಾಮಾನು ನೋಡಿದರೆ ನಾನು 1950 ಅನ್ನುತ್ತೇನೆ. ಕಾರಣ ಹೇಳುತ್ತೇನೆ.

ಈ ಆಟ ಶುರುವಾದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೊಹಾವಿ ಮರುಭೂಮಿಯ ಮ್ಯುರಾಕ್, ಎಲ್ ಮಿರಾಜ್ ಮುಂತಾದ ಬತ್ತಿದ ಕೆರೆಗಳ ಗಟ್ಟಿ ನೆಲದ ಮೇಲೆ 1930ರ ದಶಕದ ಹುಡುಗರು ಹಳೇ ಫೋರ್ಡುಗಳ ಮಡ್‌ಗಾರ್ಡು, ಬಂಪರು ಕಳಚಿ ಹಾಕಿ ವೇಗ ಅಳೆಸಿಕೊಳ್ಳುತ್ತಿದ್ದರು. ಅವರ ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಮಾಡಿಕೊಂಡವು. 1945ರಲ್ಲಿ ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಅವರ ಜೊತೆ ವೆಲ್ಡಿಂಗ್, ಲೇತ್ ಕೆಲಸ, ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಅನುಭವ ಬಂತು. ಗುಜರಿಗಳಲ್ಲಿ ಮಾಡೆಲ್ ಎ ಮತ್ತು 32ರ ಫೋರ್ಡುಗಳು ಅಗ್ಗಕ್ಕೆ ಬಿದ್ದಿದ್ದವು. 1948ರ ಜನವರಿಯಲ್ಲಿ ಇದಕ್ಕೇ ಮೀಸಲಾದ ಪತ್ರಿಕೆ ಬಂತು, 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ಸ್ಪೀಡ್ ವೀಕ್ ಎಂಬ ವೇಗದ ಸ್ಪರ್ಧೆ ನಡೆಯಿತು. 1955ರಲ್ಲಿ ಷೆವ್ರೊಲೆ ಕಂಪನಿ 265 ಘನ ಇಂಚಿನ ಹಗುರ ವಿ8 ತಂದ ಮೇಲೆ ಫ್ಲ್ಯಾಟ್‌ಹೆಡ್ಡಿನ ಕಾಲ ಮುಗಿಯಿತು. ಅಷ್ಟರಲ್ಲಿ ಫೋರ್ಡ್ ಕೂಡ ಅಮೆರಿಕದ ತನ್ನ ಕಾರುಗಳಲ್ಲಿ ಅದನ್ನು ಕೈಬಿಟ್ಟಾಗಿತ್ತು.

ನಿಮ್ಮ 59ಎಬಿ ಎಂಜಿನ್ 1946ರಿಂದ 48ರವರೆಗಿನದು. 1950ರ ಹೊತ್ತಿಗೆ ಅಪಘಾತವಾದ ಒಂದು 47ರ ಸೆಡಾನಿನಿಂದ ಅಂಥದ್ದನ್ನು ಎತ್ತಿ ತರುವುದು ಸಾಧ್ಯವಿತ್ತು. 39ರ ಗೇರ್‌ಬಾಕ್ಸ್, 40ರ ಬ್ರೇಕು, ಸ್ಟ್ರಾಂಬರ್ಗ್ 97 ಎಲ್ಲವೂ ಆ ಕಾಲದವರು ಹುಡುಕಿ ಹಾಕುತ್ತಿದ್ದವೇ. ಷೆವ್ರೊಲೆ ಸಾಮಾನು, ಅಲಾಯ್ ವೀಲು ಎರಡನ್ನೂ ಈ ವಾರವೇ ಮಾರಾಟಕ್ಕಿಡಿ. ಬೆರಕೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. 1950ರಲ್ಲಿ ಓಕ್‌ಲೆಂಡಿನ ಪ್ರದರ್ಶನದಲ್ಲಿ ಅಮೆರಿಕದ ಅತ್ಯಂತ ಸುಂದರ ರೋಡ್‌ಸ್ಟರ್ (ಗಟ್ಟಿ ಛಾವಣಿಯಿಲ್ಲದ ತೆರೆದ ಕಾರು) ಎಂಬ ಬಹುಮಾನವನ್ನು ಮೊದಲ ಸಲ ಗೆದ್ದ ಬಿಲ್ ನೀಕ್ಯಾಂಪ್ ಅವರ ಕಾರು 1929ರ ಫೋರ್ಡ್ ಬಾಡಿಯನ್ನು ಎಸ್ಸೆಕ್ಸ್ ಕಂಪನಿಯ ಚಾಸಿಯ ಮೇಲೆ ಕೂರಿಸಿದ್ದು. ಬೆರಕೆಯೇ, ಆದರೆ ಬೆರೆತದ್ದೆಲ್ಲ ಒಂದೇ ಕಾಲದ ಗುಜರಿಯಲ್ಲಿ ಸಿಗುತ್ತಿದ್ದ ಸಾಮಾನು.

ಇನ್ನು ಚಾಸಿ. ಚೀಟಿ ನಂಬಬೇಡಿ, ಕಬ್ಬಿಣ ನೋಡಿ. 1932ರ ಫೋರ್ಡ್ ಚಾಸಿಯ ಹೊರಮೈ ಉದ್ದಕ್ಕೂ ಒಂದು ಒತ್ತುಗೆರೆ ಇರುತ್ತದೆ, ಏಕೆಂದರೆ ಆ ವರ್ಷದ ಕಾರಿನಲ್ಲಿ ಚಾಸಿಯ ಬದಿ ಮುಚ್ಚಿಕೊಳ್ಳದೆ ಹೊರಗೇ ಕಾಣುತ್ತಿತ್ತು. ಈ ಒಂದು ಗೆರೆಗಾಗಿ ಜನ ಇವತ್ತಿಗೂ ಮುಗಿಬೀಳುತ್ತಾರೆ. ಹೊಸದಾಗಿ ಒತ್ತಿದ ನಕಲು ಚಾಸಿಗಳಲ್ಲೂ ಆ ಗೆರೆ ಇರುತ್ತದೆ. ಆದ್ದರಿಂದ ಅಡ್ಡಪಟ್ಟಿಗಳನ್ನು ನೋಡಿ: ಮೂಲದ್ದರಲ್ಲಿ ರಿವೆಟ್ ಹೊಡೆದಿರುತ್ತಾರೆ, ನಕಲಿನಲ್ಲಿ ಸಾಮಾನ್ಯವಾಗಿ ವೆಲ್ಡಿಂಗ್ ಇರುತ್ತದೆ. ಆಮೇಲೆ ಎಡಗಡೆ ಉದ್ದಪಟ್ಟಿಯ ಮೇಲ್ಮೈಯನ್ನು, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದ ಹತ್ತಿರ, ಮೆತ್ತಗಿನ ವೈರ್ ಬ್ರಷ್ಷಿನಿಂದ ಉಜ್ಜಿ. ವಿ8 ಕಾರಾಗಿದ್ದರೆ 18 ಅಂತ ಶುರುವಾಗುವ ಸಂಖ್ಯೆ ಕಾಣಬೇಕು. ಗ್ರೈಂಡರ್ ಮಾತ್ರ ಹಾಕಲೇಬೇಡಿ. ಆ ಅಂಕಿಗಳು ಆಳವಾಗಿ ಕೂತಿರುವುದಿಲ್ಲ, ಒಂದು ಸಲ ಉಜ್ಜಿದರೆ ಹೋಯಿತು, ಮತ್ತೆ ಅಲ್ಲಿ ಸಂಖ್ಯೆ ಒತ್ತುವುದು ಅಪರಾಧ.

ಈ ಸಂಖ್ಯೆಯ ಮಹತ್ವ ಕಾಗದಪತ್ರಕ್ಕೆ ಸಂಬಂಧಿಸಿದ್ದು. ಮಾಡೆಲ್ ಎ ಕಾರಿನ ದಾಖಲೆಗಳಲ್ಲಿ ಎಂಜಿನ್ ಬ್ಲಾಕಿನ ಎಡಬದಿಯಲ್ಲಿ ಒತ್ತಿದ ಸಂಖ್ಯೆಯೇ ಕಾರಿನ ಸಂಖ್ಯೆಯಾಗಿರುತ್ತಿತ್ತು, ಚಾಸಿಯ ಮೇಲೂ ಅದೇ ಬರುತ್ತಿತ್ತು. ಫ್ಲ್ಯಾಟ್‌ಹೆಡ್ ವಿ8 ಬ್ಲಾಕಿನ ಮೇಲೆ ಸಂಖ್ಯೆ ಇರುವುದಿಲ್ಲ, ಗೇರ್‌ಬಾಕ್ಸಿನ ಕವಚದ ಮೇಲೆ ಮತ್ತು ಚಾಸಿಯ ಮೇಲೆ ಇರುತ್ತದೆ. ಅಂದರೆ ನಿಮ್ಮ ಬಾಡಿ ಎಷ್ಟೇ ಅಸಲಿಯಾದರೂ ಸರ್ಕಾರದ ಕಣ್ಣಿಗೆ ಅದು ತಗಡು. ಹಳೇ ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ಏನಾದರೂ ಇದೆಯೇ ಅಂತ ಆ ಹಿರಿಯರ ಮನೆಯವರನ್ನು ಈಗಲೇ ಕೇಳಿ, ಮನೆ ಮಾರಿ ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ. ಏನೂ ಇಲ್ಲದಿದ್ದರೆ ಒಹಾಯೊದಲ್ಲಿ ಸ್ವಯಂ ಜೋಡಿಸಿದ ವಾಹನ ಅಂತ ರಾಜ್ಯ ಹೆದ್ದಾರಿ ಪೊಲೀಸರ ತಪಾಸಣೆಗೆ ಒಯ್ಯಬೇಕಾಗುತ್ತದೆ, ಅಲ್ಲಿ ಮುಖ್ಯ ಭಾಗಗಳಿಗೆ ರಸೀದಿ ಕೇಳುತ್ತಾರೆ. ನೀವು ಒಟ್ಟಾಗಿ ಕೊಂಡಿದ್ದಕ್ಕೆ ಚಾಸಿ, ಬಾಡಿ, ಎಂಜಿನ್, ಗೇರ್‌ಬಾಕ್ಸ್ ಹೆಸರು ಬೇರೆ ಬೇರೆಯಾಗಿ ಬರೆದ ಒಂದು ಮಾರಾಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ.

32ರ ಚಾಸಿ ಅಸಲಿಯೇ ಆಗಿದ್ದರೆ ಅದರ ಮೇಲೆ ಮಾಡೆಲ್ ಎ ಬಾಡಿ ಕೂರಿಸುವುದು ಹಾಟ್ ರಾಡಿನಲ್ಲಿ ಬಹಳ ಹಳೆಯ, ಬಹಳ ಚೆಂದದ ಜೋಡಿ. ಮಾಡೆಲ್ ಎ ಚಾಸಿ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಮಾಡಿದ್ದು, 100 ಅಶ್ವಶಕ್ತಿಯ ವಿ8 ಕೂರಿಸಿದರೆ ತಿರುಚಿಕೊಳ್ಳುತ್ತದೆ. ಅದರ ಚಕ್ರಾಂತರ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 103.5 ಇಂಚು, 32ರದ್ದು 106. ಬಾಡಿ ಕೂರಿಸುವಾಗ ಬೆಂಕಿಗೋಡೆಯ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಡೆ) ಹತ್ತಿರ ಚಾಸಿಯನ್ನು ಸ್ವಲ್ಪ ಒಳಕ್ಕೆ ಒತ್ತಿದರೆ ಬಾಡಿಯ ಅಂಚಿಗೂ ಚಾಸಿಯ ಗೆರೆಗೂ ಹೊಂದಿಕೆ ಬರುತ್ತದೆ. ಈ ಕೆಲಸ ಅನುಭವಸ್ಥ ವೆಲ್ಡರ್ ಕೈಯಲ್ಲೇ ಆಗಲಿ. ಅದಕ್ಕೂ ಮೊದಲು ಸಮತಟ್ಟು ನೆಲದ ಮೇಲೆ ನಾಲ್ಕು ಸ್ಟ್ಯಾಂಡಿಗೆ ಚಾಸಿ ಏರಿಸಿ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಎರಡು ಕರ್ಣಗಳ ನಡುವೆ ಎಂಟನೇ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದಿನ ಕೆಲಸ ನಿಲ್ಲಿಸಿ, ಮೊದಲು ನೆಟ್ಟಗೆ ಮಾಡಿಸಿ. ಸ್ಟೀರಿಂಗ್ ಬಾಕ್ಸಿನ ಬೋಲ್ಟ್ ತೂತುಗಳ ಸುತ್ತ ಬಿರುಕು, ಮುಂದಿನ ಅಡ್ಡಪಟ್ಟಿಯ ರಿವೆಟ್ಟುಗಳಲ್ಲಿ ಸಡಿಲ, ಇವೆರಡನ್ನು ಹುಡುಕಿ. ಇಡೀ ಚಾಸಿಯ ಒಳಬದಿಗೆ ತಗಡು ಬೆಸೆದು ಪೆಟ್ಟಿಗೆ ಮಾಡಿ ಅನ್ನುವವರು ಸಿಗುತ್ತಾರೆ. ಸಾದಾ ಫ್ಲ್ಯಾಟ್‌ಹೆಡ್ಡಿಗೆ ಅಷ್ಟು ಬೇಕಿಲ್ಲ, ಮುಂಭಾಗದಲ್ಲಿ ಎಂಜಿನ್ ಕೂರುವ ಕಡೆ ಬಲಪಡಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎಂಜಿನ್ನಿನಿಂದ ಶುರು ಮಾಡಲೇ ಅಂತ ಕೇಳಿದ್ದೀರಿ. ಬೇಡ. ಚಕ್ರದಿಂದ ಶುರು ಮಾಡಿ. ಹಾಟ್ ರಾಡಿನ ಅಂದವೆಲ್ಲ ಅದು ನಿಲ್ಲುವ ಭಂಗಿಯಲ್ಲಿದೆ: ಮುಂದೆ ತಗ್ಗು, ಹಿಂದೆ ತುಸು ಎತ್ತರ, ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. 40ರ ಫೋರ್ಡಿನ 16 ಇಂಚಿನ ಸ್ಟೀಲ್ ವೀಲುಗಳಿಗೆ ಮುಂದೆ 5.00, ಹಿಂದೆ 7.50 ಅಳತೆಯ ಅಡ್ಡನೂಲಿನ (ಬಯಾಸ್-ಪ್ಲೈ) ಟೈರು ಹಾಕಿದರೆ ಆ ಕಾಲದ ಭಂಗಿ ತಾನಾಗಿ ಬರುತ್ತದೆ. ರೇಡಿಯಲ್ ಹಾಕಿದರೆ ಓಡಿಸಲು ಸುಖ, ಆದರೆ ಪಕ್ಕದಿಂದ ನೋಡಿದವರಿಗೆ ಏನೋ ಸರಿಯಿಲ್ಲ ಅನಿಸಿಬಿಡುತ್ತದೆ. ಟೈರು ಕೊಂಡ ಮೇಲೆ ಚಾಸಿ, ಆಕ್ಸಲ್, ಖಾಲಿ ಬ್ಲಾಕ್, ಗೇರ್‌ಬಾಕ್ಸ್, ಬಾಡಿ, ಗ್ರಿಲ್ಲು, ಸೀಟು ಎಲ್ಲವನ್ನೂ ಬಣ್ಣವಿಲ್ಲದೆ, ತಾತ್ಕಾಲಿಕ ಬೋಲ್ಟುಗಳಲ್ಲಿ ಒಮ್ಮೆ ಜೋಡಿಸಿ. ನೀವು ಒಳಗೆ ಕೂತು ಪೆಡಲಿಗೆ ಕಾಲು ಎಟಕುತ್ತದೆಯೇ, ಸ್ಟೀರಿಂಗ್ ತೊಡೆಗೆ ತಾಗುತ್ತದೆಯೇ ನೋಡಿ. ಮಾಡೆಲ್ ಎ ಕೂಪೆ ಒಳಗೆ ಇಕ್ಕಟ್ಟು. ಬಾಡಿ ಇಳಿಸುತ್ತೇನೆ, ಛಾವಣಿ ಕತ್ತರಿಸಿ ತಗ್ಗಿಸುತ್ತೇನೆ ಅನ್ನುವ ಆಸೆ ಇದ್ದರೆ ಈ ಹಂತದಲ್ಲಿ ಕೂತು ನೋಡಿದ ಮೇಲೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಈ ಜೋಡಣೆಯಲ್ಲಿ ನಿಮ್ಮನ್ನು ಹೆಚ್ಚು ಕಾಡುವ ಸಾಮಾನು ಹಿಂದಿನ ಆಕ್ಸಲ್. 1948ರವರೆಗಿನ ಫೋರ್ಡ್ ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಬಯಲಲ್ಲಿ ಇರುವುದಿಲ್ಲ, ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಯ ಮುಂತುದಿ ಗೇರ್‌ಬಾಕ್ಸಿನ ಹಿಂದೆ ಗುಂಡು ಕೀಲಿನಲ್ಲಿ ಕೂರುತ್ತದೆ. ಚಕ್ರ ಕಾರನ್ನು ಮುಂದಕ್ಕೆ ತಳ್ಳುವ ಬಲ ಬರುವುದೂ ಇದರ ಮೂಲಕವೇ. 40ರ ಕಾರಿನ ಚಕ್ರಾಂತರ 112 ಇಂಚು. ಆದ್ದರಿಂದ ನಿಮ್ಮ ಕಾರಿಗೆ ಕೊಳವೆಯನ್ನೂ ಒಳಗಿನ ಶಾಫ್ಟನ್ನೂ ಕತ್ತರಿಸಿ ಗಿಡ್ಡ ಮಾಡಿಸಬೇಕು. ಎಷ್ಟು ಅನ್ನುವುದು ಎಂಜಿನ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ನಿಂತಿದೆ, ಹಾಗಾಗಿಯೇ ತಾತ್ಕಾಲಿಕ ಜೋಡಣೆ ಮೊದಲು ಅಂದದ್ದು. ಇನ್ನೊಂದು ಎಚ್ಚರ: ಈ ಕೊಳವೆ ಇರುವಾಗ ಹಿಂದಿನ ಆಕ್ಸಲನ್ನು ಹಿಡಿದಿಡುವ ಆಧಾರ ಸಲಾಕೆಗಳನ್ನು ಕೊಳವೆಯಿಂದ ಬಿಡಿಸಿ ಚಾಸಿಯ ಬದಿಗೆ ಕಟ್ಟಬೇಡಿ. ಕೊಳವೆ ಒಂದು ಕೇಂದ್ರದ ಸುತ್ತ, ಸಲಾಕೆಗಳು ಬೇರೆ ಕೇಂದ್ರಗಳ ಸುತ್ತ ತೂಗಲು ಹೋಗಿ ಎಲ್ಲವೂ ಬಿಗಿದುಕೊಳ್ಳುತ್ತದೆ, ಕೊನೆಗೆ ಯಾವುದೋ ಒಂದು ಮುರಿಯುತ್ತದೆ.

ಮುಂದಿನ ಆಕ್ಸಲಿನಲ್ಲಿ ಸಲಾಕೆ ಬಿಡಿಸುವುದು ನಡೆಯುತ್ತದೆ, ಆ ಕಾಲದವರು ಎಲ್ಲರೂ ಮಾಡುತ್ತಿದ್ದರು. ಅಲ್ಲಿ ಒಂದು ಚಕ್ರ ಉಬ್ಬಿನ ಮೇಲೆ ಹತ್ತಿದಾಗ ಆಕ್ಸಲ್ ತುಸು ತಿರುಚಿಕೊಳ್ಳಬೇಕಾಗುತ್ತದೆ. ಐ ಆಕಾರದ ಆಕ್ಸಲ್ ತಿರುಚಿಕೊಳ್ಳುತ್ತದೆ, ಕೊಳವೆ ಆಕ್ಸಲ್ ತಿರುಚಿಕೊಳ್ಳುವುದಿಲ್ಲ. ನಿಮ್ಮದು ಐ-ಬೀಮ್ ಆದ್ದರಿಂದ ಚಿಂತೆಯಿಲ್ಲ.

ಎರಡು ಆಕ್ಸಲುಗಳಲ್ಲಿ ಯಾವುದು? ನಾನಾದರೆ ಕ್ರೋಮ್ ಹಾಕಿದ್ದನ್ನು ಗೋಡೆಗೆ ನೇತುಹಾಕುತ್ತೇನೆ. ಕ್ರೋಮ್ ಲೇಪನದ ತೊಟ್ಟಿಯಲ್ಲಿ ಗಟ್ಟಿ ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗುವ ಅಪಾಯವಿದೆ. ಲೇಪನವಾದ ತಕ್ಷಣ ಒಲೆಯಲ್ಲಿಟ್ಟು ಬಿಸಿ ಮಾಡಿ ಅದನ್ನು ಹೊರಹಾಕಬೇಕು. ನಿಮ್ಮದಕ್ಕೆ ಹಾಗೆ ಮಾಡಿದ್ದಾರೋ ಇಲ್ಲವೋ ಹೇಳುವವರು ಈಗ ಇಲ್ಲ. ಆಕ್ಸಲಿಗಿಂತಲೂ ಸ್ಟೀರಿಂಗ್ ತೋಳು, ಸ್ಪಿಂಡಲ್ ಇವುಗಳ ವಿಷಯದಲ್ಲಿ ಈ ಅಪಾಯ ಹೆಚ್ಚು. ಕ್ರೋಮ್ ಇರಲಿ, ಇಲ್ಲದಿರಲಿ, ಎರಡೂ ಆಕ್ಸಲ್, ಎಲ್ಲ ಸ್ಪಿಂಡಲ್, ಸ್ಟೀರಿಂಗ್ ತೋಳುಗಳನ್ನು ಕಾಂತಕಣ ಪರೀಕ್ಷೆಗೆ ಕೊಡಿ. ಲೋಹವನ್ನು ಕಾಂತಗೊಳಿಸಿ ಕಬ್ಬಿಣದ ನುಣ್ಣನೆ ಪುಡಿ ಹಾಕಿದರೆ ಕಣ್ಣಿಗೆ ಕಾಣದ ಬಿರುಕಿನ ಮೇಲೆ ಪುಡಿ ಗೆರೆಯಾಗಿ ನಿಲ್ಲುತ್ತದೆ. ದುಬಾರಿ ಪರೀಕ್ಷೆಯೇನಲ್ಲ. ಕಿಂಗ್‌ಪಿನ್ನು (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ), ಬೂಷು ಹೊಸದು ಹಾಕಿಸಿ. ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ 5ರಿಂದ 7 ಡಿಗ್ರಿ ವಾಲಿರಲಿ, ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಎಂಟನೇ ಒಂದು ಇಂಚಿನಷ್ಟು ಮಾತ್ರ ಹತ್ತಿರವಿರಲಿ. ಇವು ತಪ್ಪಿದರೆ ಅಥವಾ ಎಲ್ಲೋ ಒಂದು ಕಡೆ ಆಟ ಉಳಿದರೆ, ಸಣ್ಣ ಗುಂಡಿಗೆ ಬಿದ್ದ ಕೂಡಲೇ ಮುಂದಿನ ಚಕ್ರಗಳೆರಡೂ ತರತರ ನಡುಗಲು ಶುರುವಾಗಿ ಗಾಡಿ ನಿಲ್ಲಿಸುವವರೆಗೆ ಬಿಡುವುದಿಲ್ಲ. ಅಡ್ಡ ಸ್ಟೀರಿಂಗ್ (ಸ್ಟೀರಿಂಗ್ ಸಲಾಕೆ ಕಾರಿಗೆ ಅಡ್ಡಲಾಗಿ ಹೋಗುವಂಥದ್ದು) ಹಾಕುವುದಾದರೆ ಆಕ್ಸಲ್ ಪಕ್ಕಕ್ಕೆ ಜಾರದಂತೆ ಒಂದು ಪ್ಯಾನ್‌ಹಾರ್ಡ್ ಸಲಾಕೆಯೂ ಬೇಕು.

ಬ್ರೇಕಿನ ವಿಷಯದಲ್ಲಿ ನಾನು ಇಸವಿಯ ಹಠ ಹಿಡಿಯುವುದಿಲ್ಲ. ಫೋರ್ಡ್ 1938ರವರೆಗೆ ಸಲಾಕೆ-ಕೇಬಲ್ಲಿನ ಬ್ರೇಕನ್ನೇ ಹಾಕುತ್ತಿತ್ತು, 1939ರಲ್ಲಿ ಹೈಡ್ರಾಲಿಕ್ಕಿಗೆ ಬಂತು. ಆದ್ದರಿಂದಲೇ ನಿಮ್ಮ ಬಳಿಯಿರುವ 40ರ ಡ್ರಮ್ಮು, ಪ್ಲೇಟುಗಳಿಗೆ ಅಷ್ಟು ಬೆಲೆ. ಹೊರಗೆ ಅವೇ ಇರಲಿ. ಒಳಗೆ ವೀಲ್ ಸಿಲಿಂಡರ್, ಹೋಸು, ಪೈಪು, ಶೂ ಎಲ್ಲ ಹೊಸದಾಗಲಿ. ಹಳೆಯದು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್: ಎಲ್ಲೇ ಒಂದು ಕಡೆ ಸೋರಿದರೂ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ನೆಲದಡಿಯಲ್ಲಿ ಯಾರಿಗೂ ಕಾಣದ ಹಾಗೆ ಎರಡು ಕೋಣೆಯದ್ದು ಹಾಕಿ. ಹಾಗೆ ನೆಲದಡಿ ಹಾಕಿದಾಗ ಮಾಸ್ಟರ್ ಸಿಲಿಂಡರ್ ಚಕ್ರದ ಸಿಲಿಂಡರಿಗಿಂತ ತಗ್ಗಿನಲ್ಲಿರುತ್ತದೆ, ದ್ರವ ಹಿಂದಕ್ಕೆ ಇಳಿದುಬರುತ್ತದೆ, ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ. ಡ್ರಮ್ ಬ್ರೇಕಿನ ಲೈನುಗಳಲ್ಲಿ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸಿಕೊಳ್ಳುವ ಪುಟ್ಟ ವಾಲ್ವ್ ಹಾಕಿದರೆ ಇದು ನಿಲ್ಲುತ್ತದೆ. ಹಳೇ ಫೋರ್ಡ್ ಬ್ರೇಕಿನ ಶೂಗಳನ್ನು ಡ್ರಮ್ಮಿನ ವೃತ್ತಕ್ಕೆ ಸರಿಯಾಗಿ ಉಜ್ಜಿ ಕೂರಿಸಬೇಕು. ಅದಿಲ್ಲದೆ ಈ ಬ್ರೇಕು ಹಿಡಿಯುವುದೇ ಇಲ್ಲ ಅಂತ ಬೈಯುವವರು ಬಹಳ ಮಂದಿ.

ಹಿಂದಿನ ಡ್ರಮ್ ಬಿಚ್ಚುವಾಗ ನಿಧಾನ. ಅದರ ಹಬ್ ಶಂಕುವಿನಾಕಾರದ ಆಕ್ಸಲ್ ತುದಿಯ ಮೇಲೆ ದಶಕಗಳಿಂದ ಬಿಗಿದು ಕೂತಿರುತ್ತದೆ. ಆಕ್ಸಲಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಆ ಪೆಟ್ಟು ಒಳಗಿನ ಡಿಫರೆನ್ಷಿಯಲ್ ಗೇರುಗಳಿಗೆ ಹೋಗುತ್ತದೆ. ಹಬ್ಬಿನ ಹೊರ ಅಂಚನ್ನು ಹಿಡಿಯುವ ಇದಕ್ಕೆಂದೇ ಮಾಡಿದ ಪುಲ್ಲರ್ ಸಿಗುತ್ತದೆ. ಅದನ್ನು ಬಿಗಿದು, ರಾತ್ರಿ ಹಾಗೇ ಬಿಟ್ಟು ಬಂದರೆ ಬೆಳಿಗ್ಗೆಯೊಳಗೆ ಠಪ್ಪೆಂದು ಕಳಚಿಕೊಂಡಿರುವುದೂ ಉಂಟು. ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟಿರಿ, ಇಲ್ಲದಿದ್ದರೆ ಡ್ರಮ್ ಹಾರಿ ಕಾಲಿನ ಮೇಲೆ ಬರುತ್ತದೆ. ಮತ್ತೆ ಹಾಕುವಾಗ ಆ ನಟ್ಟಿಗೆ ಸುಮಾರು 200 ಅಡಿ-ಪೌಂಡ್ ಬಿಗಿ ಬೇಕು, ಕೈ ಅಂದಾಜು ಸಾಲದು. ಡ್ರಮ್ಮಿನೊಳಗಿನ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಹಳೇ ಶೂ ಮತ್ತು ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಮಾಡಿ ಒರೆಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಲ್ಲಿ ತೊಳೆದ ಭಾಗಕ್ಕೆ ವೆಲ್ಡಿಂಗ್ ಮುಟ್ಟಿಸಬೇಡಿ, ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಏಳುತ್ತದೆ. ಬಾಡಿಯ ಹಳೇ ಬಣ್ಣದಲ್ಲಿ, ಮತ್ತು ಹಿಂದಿನವರು ತಗ್ಗು ತುಂಬಲು ಬಳಸಿದ ಲೋಹದಲ್ಲಿ ಸೀಸ ಇರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಆ ಬಟ್ಟೆ ಬೇರೆ ಒಗೆಯಿರಿ.

ಈಗ ಎಂಜಿನ್. ಫ್ಲ್ಯಾಟ್‌ಹೆಡ್ ಅಂದರೆ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿರದೆ ಬ್ಲಾಕಿನೊಳಗೇ ಸಿಲಿಂಡರಿನ ಪಕ್ಕದಲ್ಲಿರುತ್ತವೆ, ಹೆಡ್ಡು ಬರೀ ಮುಚ್ಚಳ. ಹೊರಹೋಗುವ ಹೊಗೆ ಬ್ಲಾಕಿನ ನಡುವಿನಿಂದಲೇ, ನೀರಿನ ಕೋಣೆಯನ್ನು ಹಾದು ಹೊರಬದಿಗೆ ಹೋಗುತ್ತದೆ. ಒಂದು ಬದಿಯಲ್ಲಿ ನಾಲ್ಕು ಸಿಲಿಂಡರ್ ಇದ್ದರೂ ಹೊಗೆಗೆ ಬಾಗಿಲು ಮೂರೇ, ನಡುವಿನ ಎರಡಕ್ಕೆ ಒಂದೇ ದಾರಿ. ಈ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ ಅನ್ನುವ ಅಪಖ್ಯಾತಿಯ ಮೂಲ ಇದು. ಕಾದು ಕಾದು ವಾಲ್ವ್ ಕೂರುವ ಬಳೆಯಿಂದ ಸಿಲಿಂಡರಿನ ಅಂಚಿಗೆ ಒಂದು ಕೂದಲೆಳೆಯಂಥ ಬಿರುಕು ಓಡಿರುತ್ತದೆ. ಮಸಿ ಮುಚ್ಚಿಕೊಂಡಿರುವುದರಿಂದ ಹಾಗೇ ನೋಡಿದರೆ ಕಾಣುವುದಿಲ್ಲ.

ಆದ್ದರಿಂದ ಜಾಮ್ ಆದ ಎಂಜಿನ್ನನ್ನು ತಿರುಗಿಸುವ ಸಾಹಸಕ್ಕಿಂತ ಬಿಚ್ಚಿ ನೋಡುವುದು ಮುಖ್ಯ. ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಅಸಿಟೋನ್ ಮತ್ತು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಸಮಪಾಲು ಬೆರೆಸಿ ಸುರಿದು ಕೆಲವು ವಾರ ಬಿಡಿ. ಒಂದೊಂದು ಹೆಡ್ಡಿಗೆ 24 ಸ್ಟಡ್ಡುಗಳಿವೆ, ಹಲವು ನೀರಿನ ಕೋಣೆಯೊಳಗೆ ಇಳಿದಿರುವುದರಿಂದ ತುಕ್ಕು ಕಚ್ಚಿಕೊಂಡಿರುತ್ತವೆ. ಬಿಸಿ ಮಾಡಿ, ತಣಿಸಿ, ಹಿಂದೆ ಮುಂದೆ ಅಲುಗಿಸಿ ತೆಗೆಯಬೇಕು. ಒಂದಿಷ್ಟು ಮುರಿಯುತ್ತವೆ, ಅದು ಲೆಕ್ಕದಲ್ಲಿರಲಿ. ಬ್ಲಾಕ್ ಬರಿದಾದ ಮೇಲೆ ರಾಸಾಯನಿಕ ತೊಟ್ಟಿಯಲ್ಲಿ ಅದ್ದಿಸಿ, ನೀರಿನ ಕೋಣೆಗಳನ್ನು ತಂತಿ ಹಾಕಿ ಕೆದಕಿ. ತುಕ್ಕಿನ ಜೊತೆ ಎರಕದ ಮರಳೂ ಹೊರಬರುತ್ತದೆ, ಕಾರ್ಖಾನೆಯಲ್ಲಿ ಎರಕ ಹೊಯ್ದ ದಿನದಿಂದ ಒಳಗೇ ಉಳಿದದ್ದು. ಆಮೇಲೆ ಕಾಂತಕಣ ಪರೀಕ್ಷೆ, ನೀರೊತ್ತಡದ ಪರೀಕ್ಷೆ. ಇವೆರಡರ ವರದಿ ಬರುವವರೆಗೆ ಈ ಎಂಜಿನ್ನಿಗೆ ಪಿಸ್ಟನ್, ಕ್ಯಾಮ್, ಎಡೆಲ್‌ಬ್ರಾಕ್ ಅಥವಾ ಆಫನ್‌ಹಾಸರ್ ಕಂಪನಿಯ ಹೆಡ್ಡು ಏನನ್ನೂ ಕೊಳ್ಳಬೇಡಿ. ಸಣ್ಣ ಬಿರುಕುಗಳನ್ನು ಪಿನ್ ಹೊಡೆದು ಸರಿಮಾಡಬಹುದು, ಎಲ್ಲ ಸಿಲಿಂಡರಿನಲ್ಲೂ ಇದ್ದರೆ ಬ್ಲಾಕಿನ ಆಸೆ ಬಿಡಿ.

ಬ್ಲಾಕ್ ಚೆನ್ನಾಗಿದ್ದರೆ ಎಷ್ಟು ದೊಡ್ಡದು ಮಾಡಿಸಬೇಕು? ಮೂಲದ್ದು 239 ಘನ ಇಂಚು. 1949ರಿಂದ 53ರ ಮರ್ಕ್ಯುರಿ ಕಾರಿನ 4 ಇಂಚು ಸ್ಟ್ರೋಕಿನ (ಪಿಸ್ಟನ್ ಓಡಾಡುವ ದೂರ) ಕ್ರ್ಯಾಂಕ್ ಇದರೊಳಗೆ ಕೂರುತ್ತದೆ. ಬೋರನ್ನು (ಸಿಲಿಂಡರಿನ ಒಳವ್ಯಾಸ) ಎಂಟನೇ ಒಂದು ಇಂಚು ಹಿಗ್ಗಿಸಿ ಆ ಕ್ರ್ಯಾಂಕ್ ಹಾಕಿದರೆ 276 ಘನ ಇಂಚು. ಆ ಕಾಲದವರ ಪ್ರಿಯ ಲೆಕ್ಕವಿದು. ಆದರೆ ಬೋರ್ ಹಿಗ್ಗಿದಷ್ಟೂ ಗೋಡೆ ತೆಳುವಾಗುತ್ತದೆ, ಶಾಖ ಹೆಚ್ಚುತ್ತದೆ. ಮೊದಲ ಕಾರಿಗೆ ಶುದ್ಧವಾಗಿ ಕಟ್ಟಿದ ಸಾದಾ 239 ಸಾಕು. ಹಗುರ ಕೂಪೆಗೆ 100 ಅಶ್ವಶಕ್ತಿ ಕಡಿಮೆಯೇನಲ್ಲ. ಆ ದುಡ್ಡನ್ನು ಒಳ್ಳೆಯ ರೇಡಿಯೇಟರಿಗೂ ಎರಡು ಹೊಸ ವಾಟರ್ ಪಂಪಿಗೂ ಹಾಕಿ (ಹೌದು, ಎರಡು, ಒಂದೊಂದು ಬದಿಗೆ ಒಂದೊಂದು). ಹಾಗೆ ಮಾಡಿದರೂ ಎಂಜಿನ್ನಿನ ಖರ್ಚು 10,000 ಡಾಲರ್ ಆಚೀಚೆ ಬಂದರೆ ಗಾಬರಿಯಾಗಬೇಡಿ.

ಕಾರ್ಬ್ಯುರೇಟರ್ ಮೂರಿವೆ ಅಂತ ಮೂರನ್ನೂ ಹಾಕಬೇಡಿ. ಎರಡು ಸಾಕು, ಮೂರನೆಯದು ಬಿಡಿಭಾಗಕ್ಕೆ. ಸ್ಟ್ರಾಂಬರ್ಗ್ 97ರ ಸೂಜಿ ವಾಲ್ವ್ 3 ಪಿಎಸ್‌ಐ ಒತ್ತಡಕ್ಕೂ ತಡೆಯುವುದಿಲ್ಲ. ಈಗಿನ ಎಲೆಕ್ಟ್ರಿಕ್ ಪಂಪು 5, 6 ಪಿಎಸ್‌ಐ ತಳ್ಳಿದರೆ ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತದೆ. ಒತ್ತಡ ನಿಯಂತ್ರಕ ಇಲ್ಲದೆ ಸ್ಟಾರ್ಟ್ ಮಾಡಲೇಬೇಡಿ. ವಿದ್ಯುತ್ತಿನದ್ದು 6 ವೋಲ್ಟು, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ), ಫೋರ್ಡ್ 1955ರವರೆಗೆ ಹೀಗೇ ಇಟ್ಟಿತ್ತು. ಹಾಗೇ ಉಳಿಸಿಕೊಳ್ಳಬಹುದು. 6 ವೋಲ್ಟಿನಲ್ಲಿ ಸ್ಟಾರ್ಟರ್ ನಿಧಾನ ತಿರುಗುತ್ತದೆ ಅನ್ನುವವರ ಕಾರಿನಲ್ಲಿ ಹೆಚ್ಚಾಗಿ 12 ವೋಲ್ಟಿನ ತೆಳು ಕೇಬಲ್ ಹಾಕಿರುತ್ತಾರೆ. ದಪ್ಪ ಕೇಬಲ್ಲು, ಹೊಳೆಯುವಂತೆ ಉಜ್ಜಿದ ಅರ್ಥ್ ಜಾಗ, ಇಷ್ಟಿದ್ದರೆ ಸಾಕು.

ಬಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡೆಲ್ ಎ ಬಾಡಿಗೆ ಕೆಳಗಿನ ತುಂಡು ತಗಡುಗಳು ಹೊಸದಾಗಿ ಸಿಗುತ್ತವೆ. ನಿಮ್ಮ ಪಕ್ಕದ ಬ್ರುಕ್‌ವಿಲ್ ಊರಿನಲ್ಲೇ ಮಾಡೆಲ್ ಎ ರೋಡ್‌ಸ್ಟರಿನ ಇಡೀ ಉಕ್ಕಿನ ಬಾಡಿ ಒತ್ತುವ ಕಂಪನಿಯಿದೆ, ಒಮ್ಮೆ ಹೋಗಿ ನೋಡಿ. ಛಾವಣಿಯ ನಡುಭಾಗ ತಗಡಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದ ಬಟ್ಟೆ. ಅದು ಕೊಳೆತಿದ್ದರೆ ಹೆದರಬೇಡಿ, ಹೊಸದಾಗಿ ಮಾಡಿಸುವಂಥದ್ದೇ. ಬಾಗಿಲುಗಳನ್ನು ಕೂರಿಸಿ, ಅಂತರ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಕೆಳಭಾಗ ಬೆಸೆಯಿರಿ. ಈ ಕ್ರಮ ಹಿಂದುಮುಂದು ಮಾಡಿದರೆ ಬಾಗಿಲು ಮುಚ್ಚುವುದಿಲ್ಲ. ಬಣ್ಣ ಕೊನೆಗೆ, ಕೆಲವು ನೂರು ಮೈಲಿ ಓಡಿಸಿದ ಮೇಲೆ. ತುಕ್ಕಿನ ಮೇಲೆ ಬರೀ ವಾರ್ನಿಶ್ ಹೊಡೆದು ಹಳೇ ಕಾರು ಅಂತ ತೋರಿಸುವ ಈಗಿನ ಖಯಾಲಿ ನನಗೆ ಹಿಡಿಸುವುದಿಲ್ಲ. 1950ರ ಹುಡುಗನಿಗೆ ತುಕ್ಕು ಅಂದರೆ ನಾಚಿಕೆ, ದುಡ್ಡಿಲ್ಲದಿದ್ದರೂ ಕನಿಷ್ಠ ಪ್ರೈಮರ್ ಹೊಡೆದು ತರುತ್ತಿದ್ದ.

ಬೆಂಗಳೂರಿಗೆ ಒಯ್ಯುವ ಆಸೆ ಬಿಟ್ಟುಬಿಡಿ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ಸಂಖ್ಯೆ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹಾಟ್ ರಾಡಿನಲ್ಲಿ ಬದಲಾಗದೆ ಉಳಿದದ್ದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೂಡ ಗಾಡಿಯ ಮೂಲ ವಿವರ ಬದಲಿಸಲು ಬಿಡುವುದಿಲ್ಲ, ಸ್ಟೀರಿಂಗ್ ಬೇರೆ ಎಡಗಡೆಯದು.

ಕೊನೆಯದಾಗಿ, ಏನೇನು ಮಾರಬೇಕು ಅನ್ನುವುದು. ಷೆವ್ರೊಲೆ ಸಾಮಾನು, ಅಲಾಯ್ ವೀಲು ಆಗಲೇ ಹೇಳಿದೆ. ಮಾಡೆಲ್ ಎ ಚಾಸಿಯನ್ನು 32ರ ಚಾಸಿಯ ಸಂಖ್ಯೆ, ಅಳತೆ ಎರಡೂ ಸರಿಯಿದೆ ಎಂದು ಗೊತ್ತಾಗುವವರೆಗೆ ಕತ್ತರಿಸದೆ ಇಟ್ಟುಕೊಳ್ಳಿ. ಮಾಡೆಲ್ ಎ ಕಾರನ್ನು ಮೂಲದಂತೆ ಉಳಿಸಿಕೊಳ್ಳುವವರಿಗೆ ಅದು ಇಡಿಯಾಗಿ ಬೇಕಾಗುತ್ತದೆ. 8ಬಿಎ ಎಂಜಿನ್ನನ್ನೂ ಈಗಲೇ ಮಾರಬೇಡಿ. ಅದರ ಬೆಲ್‌ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಕವಚ) ಬ್ಲಾಕಿನಿಂದ ಬೇರೆಯಾಗಿ ಬೋಲ್ಟಿನಲ್ಲಿ ಕೂರುತ್ತದೆ, ಡಿಸ್ಟ್ರಿಬ್ಯೂಟರ್ ಇರುವ ಜಾಗವೂ ಬೇರೆ, ಆದರೆ ಸರಿಯಾದ ಅಡಾಪ್ಟರ್ ಇದ್ದರೆ ನಿಮ್ಮ 39ರ ಗೇರ್‌ಬಾಕ್ಸಿಗೆ ಹೊಂದುತ್ತದೆ. 59ಎಬಿ ಬ್ಲಾಕಿನ ಪರೀಕ್ಷೆಯಲ್ಲಿ ಬಿರುಕು ಕಂಡರೆ ನಿಮ್ಮ ಕಾರಿಗೆ ಎಂಜಿನ್ ಅದೇ, ಆಗ ಇಸವಿಯನ್ನು 1952ಕ್ಕೆ ತಳ್ಳಿದರಾಯಿತು. ಎರಡು ಬ್ಲಾಕನ್ನೂ ಒಟ್ಟಿಗೇ ಪರೀಕ್ಷೆಗೆ ಕೊಡಿ, ಸಾಗಿಸುವ ಖರ್ಚು ಒಂದೇ.